ಮುಚ್ಚಿಕೊಂಡ ಪುಸ್ತಕದ ಹದಿನಾರು ಪುಟ

ನನಗೆ ಉಪಕಾರ ಮಾಡಿದವರನ್ನು ಎಣಿಸುತ್ತ ಹೋದರೆ ಮೊದಲು ನೆನಪಾಗುವುದು ಇರೇನಾ ಹೋಲ್ಮ್ ಎಂಬ ಪರದೇಶದ ಹೆಂಗಸು. ಆಕೆಯನ್ನು ನಾನು ನೋಡಿದವನಲ್ಲ. ನಾನೆಂಬುವನೊಬ್ಬ ಇದ್ದೇನೆಂದು ಆಕೆಗೂ ಗೊತ್ತಿರಲಾರದು. ಆಕೆ ಮಾಡಿದ ಉಪಕಾರವೆಂದರೆ ನಮ್ಮ ವಿಶ್ವವಿದ್ಯಾಲಯಕ್ಕೆ ಒಂದು ಖಾರವಾದ ಕಾಗದ ಬರೆದು, ಹೊರಹಾಕಿದ ಹನ್ನೊಂದು ವಿದ್ಯಾರ್ಥಿಗಳನ್ನು ವಾಪಸು ಕರೆಯುವ ತನಕ ನಿಮ್ಮ ಜೊತೆ ನಮಗೆ ಯಾವ ವ್ಯವಹಾರವೂ ಬೇಡ ಎಂದದ್ದು. ಅದರ ಕೆಳಗೆ ಮೂವತ್ತೇಳು ವಿಶ್ವವಿದ್ಯಾಲಯಗಳ ಎರಡು ಸಾವಿರ ಮೇಷ್ಟ್ರುಗಳು ರುಜು ಹಾಕಿದ್ದರು. ಕಾಗದ ಬಂದ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ರುಜು ಹಾಕಿದವರು ಬರೆದ ಪುಸ್ತಕಗಳೆಲ್ಲ ನಮ್ಮ ಲೈಬ್ರರಿಯಲ್ಲಿ ಮುಚ್ಚಿಕೊಂಡವು.

ನಾನು ಆ ಲೈಬ್ರರಿಯ ಬೈಂಡರ್, ಹೆಸರು ಪರುತಪ್ಪ. ಮೂವತ್ತೊಂದು ವರ್ಷ ರಟ್ಟು, ದಾರ, ಮೈದಾ ಅಂಟು ಇವುಗಳ ನಡುವೆಯೇ ಕಳೆದವನು. ಪುಸ್ತಕದ ಒಳಗೆ ಏನಿದೆ ಎಂಬುದು ನನಗೆ ಅಷ್ಟಕ್ಕಷ್ಟೆ, ಅದರ ಬೆನ್ನು ಮಾತ್ರ ಚೆನ್ನಾಗಿ ಗೊತ್ತು. ಹಾಗಾಗಿ ಮೊದಲು ನನ್ನನ್ನೇ ಕರೆದರು. ಚಾಕು ತೂರಿಸಿ ನೋಡಿದೆ, ತುದಿ ಮುರಿಯಿತು. ಹಬೆ ಹಿಡಿದೆ, ರಟ್ಟು ಉಬ್ಬಿತೇ ಹೊರತು ಹಾಳೆ ಬಿಡಲಿಲ್ಲ. ಒಂದರ ಬೆನ್ನಿನ ಹೊಲಿಗೆಯನ್ನೇ ಬಿಚ್ಚಿದೆ. ದಾರವೆಲ್ಲ ಕೈಗೆ ಬಂತು, ಪುಟಗಳು ಮಾತ್ರ ಹಲಗೆಯಂತೆ ಕೂತಲ್ಲೇ ಕೂತಿದ್ದವು. ಲೈಬ್ರರಿಯನ್ ವನಜಾಬಾಯಿ ಒಂದು ಲೆಡ್ಜರ್ ತಂದು ಮುಚ್ಚಿಕೊಂಡವುಗಳ ಹೆಸರು ಬರೆಯತೊಡಗಿದರು. ಸಂಜೆಯ ಹೊತ್ತಿಗೆ ನಾಲ್ಕು ಸಾವಿರ ದಾಟಿತ್ತು.

ಮೊದಲ ವಾರ ವಿಶ್ವವಿದ್ಯಾಲಯ ಪತ್ರಿಕಾ ಹೇಳಿಕೆ ಕೊಟ್ಟಿತು, ಬಹಿಷ್ಕಾರದಿಂದ ನಮ್ಮ ಕೂದಲೂ ಕೊಂಕಿಲ್ಲ ಎಂದು. ಎರಡನೆಯ ವಾರ, ಎಲ್ಲೆಲ್ಲಿ ಕೊಂಕಿದೆ ಎಂದು ನೋಡಿ ವರದಿ ಕೊಡಲು ಒಂದು ಸಮಿತಿಯಾಯಿತು. ಮೂರನೆಯ ವಾರ ನಾವೂ ಆ ಮೂವತ್ತೇಳು ವಿಶ್ವವಿದ್ಯಾಲಯಗಳನ್ನು ಬಹಿಷ್ಕರಿಸಿ ಠರಾವು ಪಾಸು ಮಾಡಿದೆವು, ಅದನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ಅವರೇನು ಉತ್ತರ ಬರೆದಾರು ಎಂದು ಕಾದೆವು. ಆಮೇಲೆ ಒಂದು ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಹೊರದೇಶದವರು ಒಬ್ಬರೂ ಬರಲೊಪ್ಪದ ಕಾರಣ ಪಕ್ಕದ ಊರಿನ ಬ್ಯಾಂಡ್ ಸೆಟ್ಟಿನವರನ್ನು ಕೋಟು ಸಮೇತ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಫೋಟೋ ಚೆನ್ನಾಗಿಯೇ ಬಂತು. ಮಧ್ಯಾಹ್ನ ಅವರಲ್ಲೊಬ್ಬರು ಮೆರವಣಿಗೆ ಎಲ್ಲಿಂದ ಹೊರಡುತ್ತದೆ ಎಂದು ಕುಲಪತಿಗಳನ್ನೇ ಕೇಳಿದರಂತೆ.

ಪಾಠ ನಿಲ್ಲಿಸುವಂತಿರಲಿಲ್ಲ. ಮೇಷ್ಟ್ರುಗಳು ನೆನಪಿನಿಂದ ಹೇಳತೊಡಗಿದರು. ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿದ್ದರೆ ಸರಿ, ಇಬ್ಬರಿಗೂ ಮರೆತಿದ್ದರೆ ಆ ಅಧ್ಯಾಯ ಪರೀಕ್ಷೆಗೆ ಇಲ್ಲ. ರಸಾಯನಶಾಸ್ತ್ರದ ಮೇಡಂ ನೆನಪಿನಿಂದ ಕೊಟ್ಟ ಅಳತೆಯಲ್ಲಿ ಪ್ರಯೋಗ ಮಾಡಿ ವಿದ್ಯಾರ್ಥಿಗಳು ಕಿಟಕಿಯ ಪರದೆ ಸುಟ್ಟರು. ತತ್ವಶಾಸ್ತ್ರದವರಿಗೆ ಮಾತ್ರ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಕ್ಯಾಂಟೀನಿನವರು ಅಲ್ಲಾಡುವ ಟೇಬಲ್ಲಿನ ಕಾಲಿಗೆ ಕೊಡಲು ಎರಡು ಮುಚ್ಚಿದ ಪುಸ್ತಕ ಕೇಳಿದಾಗ ವನಜಾಬಾಯಿ ಮೂರು ದಿನ ಅಲ್ಲಿ ಚಹಾ ಕುಡಿಯಲಿಲ್ಲ.

ಈಗ ಆ ಹನ್ನೊಂದು ಜನರ ವಿಷಯ ಹೇಳಬೇಕು. ನಮ್ಮ ಊರಿನ ಹಿಂದೆ ಕಲ್ಲು ಒಡೆಯುವವರ ವಸತಿಯೊಂದಿದೆ, ಕಲ್ಲುಹಟ್ಟಿ ಎನ್ನುತ್ತಾರೆ. ಅದಕ್ಕೆ ಅಂಟಿಕೊಂಡ ಬಯಲಿನಲ್ಲಿ ವಿಶ್ವವಿದ್ಯಾಲಯ ಒಂದು ಗೆಸ್ಟ್ ಹೌಸ್ ಕಟ್ಟಿಸಿತು. ಹಟ್ಟಿಯಿಂದ ಓದಲು ಬರುತ್ತಿದ್ದ ಹನ್ನೊಂದು ಮಂದಿ, ಈ ನೆಲ ನಮ್ಮದು, ಹಳೆಯ ಸರ್ವೆ ಸಂಪುಟದಲ್ಲಿ ನಕಾಶೆ ಇದೆ, ತೆಗೆದು ನೋಡಿ ಎಂದರು. ಸಂಪುಟ ತರಿಸಿ ನೋಡಿದರೆ ಸರಿಯಾಗಿ ಆ ಭಾಗದ ಹದಿನಾರು ಪುಟ ಇರಲಿಲ್ಲ. ಕೊನೆಯದಾಗಿ ಅದನ್ನು ಕೇಳಿ ಪಡೆದು ಓದಿದವಳು ಅವರಲ್ಲೇ ಒಬ್ಬಳು, ಭೂವಿಜ್ಞಾನದ ಹುಲಿಗೆಮ್ಮ. ಅದರಲ್ಲಿ ತಮಗೆ ಬೇಡದ್ದೇನೋ ಇತ್ತು, ಹರಿದು ಬಚ್ಚಿಟ್ಟು ಈಗ ನಾಟಕ ಆಡುತ್ತಿದ್ದಾರೆ ಎಂದು ಕುಲಪತಿ ವಿರೂಪಾಕ್ಷಯ್ಯನವರು ತೀರ್ಮಾನಿಸಿದರು. ಗ್ರಂಥನಾಶದ ಅಪರಾಧಕ್ಕೆ ಹನ್ನೊಂದು ಜನರನ್ನೂ ಹೊರಹಾಕಿ, ಇವರು ಗೇಟು ದಾಟಬಾರದು ಎಂದು ಬೋರ್ಡು ಹಾಕಿಸಿದರು. ಈ ಸುದ್ದಿ ಹೊರಗೆ ಹೋಗಿ, ಎರಡು ತಿಂಗಳಿಗೆ ಹೋಲ್ಮ್ ಬಾಯಿಯವರ ಕಾಗದ ಬಂತು.

ಆ ಹದಿನಾರು ಪುಟ ಎಲ್ಲಿವೆಯೆಂದು ಇಡೀ ಊರಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ನನ್ನದೊಂದು ಪದ್ಧತಿ ಇದೆ. ಹಳೆಯ ಪುಸ್ತಕ ಬಿಚ್ಚುವ ಮೊದಲು ಅದರಲ್ಲಿ ಎಷ್ಟು ಫಾರಂ ಇವೆ ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹದಿನಾರು ಪುಟದ ಮಡಿಕೆಗೆ ನಾವು ಒಂದು ಫಾರಂ ಎನ್ನುತ್ತೇವೆ. ಮತ್ತೆ ಹೊಲಿದು ಮುಗಿಸಿದ ಮೇಲೆ ಇನ್ನೊಮ್ಮೆ ಎಣಿಸಿ ಪಕ್ಕದಲ್ಲಿ ಬರೆಯುತ್ತೇನೆ. ಬರೆಯುತ್ತೇನೆ ನಿಜ, ಎರಡನ್ನೂ ಹೋಲಿಸಿ ನೋಡುವ ಗೋಜಿಗೆ ಹೋಗಿದ್ದು ಕಡಿಮೆ. ಇಷ್ಟು ವರ್ಷದ ಕೈ, ತಪ್ಪುವುದುಂಟೇ ಎಂಬ ಜಂಬ. ಆ ಮಕ್ಕಳನ್ನು ಹೊರಹಾಕಿ ಒಂದೂವರೆ ತಿಂಗಳಾದ ಮೇಲೆ ಒಂದು ದಿನ ಏನೋ ಹುಡುಕುತ್ತಿದ್ದಾಗ ನೋಟ್‌ಬುಕ್ಕಿನ ಒಂದು ಪುಟ ಕಣ್ಣಿಗೆ ಬಿತ್ತು. ಹುಲಿಗೆಮ್ಮ ಓದಿ ಹಿಂದಿರುಗಿಸಿದ ಮೇಲೆ ಹೊಲಿಗೆಗೆ ಬಂದಿದ್ದ ಸರ್ವೆ ಸಂಪುಟ: ಬಿಚ್ಚುವಾಗ ಇಪ್ಪತ್ನಾಲ್ಕು, ಕಟ್ಟುವಾಗ ಇಪ್ಪತ್ಮೂರು. ಅದರ ಕೆಳಗೇ ಅದೇ ವಾರ ಕಟ್ಟಿದ, ಅದೇ ಅಳತೆಯ, ಅದೇ ಥರ ನಕಾಶೆಗಳಿದ್ದ ಪುಸ್ತಕ: ಬಿಚ್ಚುವಾಗ ಹದಿನೆಂಟು, ಕಟ್ಟುವಾಗ ಹತ್ತೊಂಬತ್ತು. ಅದು ಇರೇನಾ ಹೋಲ್ಮ್ ಅವರು ಬಂಡೆಗಳ ವಯಸ್ಸಿನ ಮೇಲೆ ಬರೆದ ದೊಡ್ಡ ಗ್ರಂಥ.

ಎದ್ದು ಕಪಾಟಿನ ತನಕ ಹೋದೆ. ಪುಸ್ತಕ ಮುಟ್ಟಿದೆ, ತೆರೆಯಲಿಲ್ಲ. ಆಗ ಅದು ತೆರೆಯುವ ಪುಸ್ತಕವೇ ಆಗಿತ್ತು, ನನಗೇ ಧೈರ್ಯವಾಗಲಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಪರುತಪ್ಪ ಕಟ್ಟಿದ ಪುಸ್ತಕ ಎಂದರೆ ಕಣ್ಣು ಮುಚ್ಚಿ ರುಜು ಹಾಕುತ್ತಿದ್ದರು. ನಾಳೆ ನೋಡೋಣ ಎಂದುಕೊಂಡೆ. ಹದಿನೈದು ದಿನ ನಾಳೆ ನೋಡೋಣ ಎಂದುಕೊಳ್ಳುವುದರಲ್ಲೇ ಹೋಯಿತು, ಹದಿನಾರನೆಯ ದಿನ ಬಹಿಷ್ಕಾರ ಬಂದು ಪುಸ್ತಕ ಮುಚ್ಚಿಕೊಂಡಿತು. ಊರೆಲ್ಲ ಅಯ್ಯೋ ಎನ್ನುವಾಗ ನನಗೆ ಒಳಗೊಳಗೇ ನೆಮ್ಮದಿಯಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಆ ನೆಮ್ಮದಿ ಕೆಡಿಸಿದವರು ವನಜಾಬಾಯಿ. ಅವರು ಒಂದು ಪುಸ್ತಕ ಹೊರಗಿದ್ದರೆ ಅನ್ನ ಸೇರದ ಜಾತಿಯವರು. ಹೊರಹಾಕಿದ ಹುಲಿಗೆಮ್ಮನ ಹತ್ತಿರ ಲೈಬ್ರರಿಯ ಒಂದು ಪುಸ್ತಕ ಉಳಿದುಹೋಗಿತ್ತು. ಮೂರು ಜ್ಞಾಪನಾ ಪತ್ರ ಕಳಿಸಿ, ಉತ್ತರ ಬರದೆ, ಕೊಡೆ ಹಿಡಿದುಕೊಂಡು ತಾವೇ ಕಲ್ಲುಹಟ್ಟಿಗೆ ನಡೆದರು. ಹುಲಿಗೆಮ್ಮ ಗಣಿಯ ಪಕ್ಕ ತಗಡಿನ ನೆರಳಿನಲ್ಲಿ ಕೂತು ಅದನ್ನೇ ಓದುತ್ತಿದ್ದಳು. ಅದು ರುಜು ಹಾಕಿದವರೊಬ್ಬರ ಪುಸ್ತಕ. ವನಜಾಬಾಯಿ ಇಸಿದುಕೊಂಡರು, ಟಪ್ಪೆಂದು ಮುಚ್ಚಿಕೊಂಡಿತು. ಅವಳ ಕೈಗೆ ಕೊಟ್ಟರು, ತೆರೆದುಕೊಂಡಿತು. ನಾಲ್ಕೈದು ಸಲ ಹೀಗೆ ಮಾಡಿ ನೋಡಿದ ಮೇಲೆ ಅವರು ಕೊಡೆ ಬದಿಗಿಟ್ಟು ಅವಳ ಪಕ್ಕದ ಕಲ್ಲಿನ ಮೇಲೆ ಕೂತು, ಬಹಳ ದಿನದಿಂದ ನೋಡಬೇಕೆಂದಿದ್ದ ಒಂದು ಪುಟ ತೆಗೆಸಿ ಓದಿಕೊಂಡರಂತೆ. ವಾಪಸು ಬಂದವರು ಪುಸ್ತಕ ತರಲಿಲ್ಲ. ಅದರ ವಾಯಿದೆ ಬೆಳೆಸಿ ಬಂದಿದ್ದರು.

ಹೊರಹಾಕಿದ ಹನ್ನೊಂದು ಜನರ ಕೈಯಲ್ಲಿ ಪುಸ್ತಕಗಳು ತೆರೆಯುತ್ತವೆ ಎಂಬ ಸುದ್ದಿ ಯಾರೂ ಯಾರಿಗೂ ಹೇಳದೆ ಎಲ್ಲರಿಗೂ ತಿಳಿಯಿತು. ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಒಬ್ಬೊಬ್ಬರೇ ಮೇಷ್ಟ್ರು ಹಟ್ಟಿಯ ದಾರಿ ಹಿಡಿದರು. ಎದುರಿಗೆ ಸಿಕ್ಕವರಿಗೆ ವಾಯುವಿಹಾರ ಎನ್ನುತ್ತಿದ್ದರು. ಆ ದಾರಿಯಲ್ಲಿ ಅಷ್ಟೊಂದು ವಾಯುವಿಹಾರ ಹಿಂದೆಂದೂ ಆಗಿರಲಿಲ್ಲ. ಅಲ್ಲಿ ಪುಸ್ತಕ ಹಿಡಿದವರು ಹಿಡಿದೇ ಇರಬೇಕು, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮೇಷ್ಟ್ರು ಪಕ್ಕದಲ್ಲಿ ಕೂತು ಬರೆದುಕೊಳ್ಳುವುದು, ಹೊರಹಾಕಿದವರು ಪುಟ ತಿರುವುವುದು. ಪುಟ ತಿರುವುವವರು ಸುಮ್ಮನೆ ತಿರುವುತ್ತಾರೆಯೇ? ಇದು ಏನು ಸರ್, ಇದು ಹೇಗೆ ಸರ್ ಎಂದು ಕೇಳುತ್ತ ಕ್ಲಾಸಿನಲ್ಲಿ ಕಲಿಯದ್ದನ್ನೆಲ್ಲ ಕಲಿತರು. ಕಲ್ಲು ಒಡೆಯುವವರು ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೇಳುತ್ತ ಕೂತಿರುತ್ತಿದ್ದರು.

ಹೊರಹಾಕಿ ಏಳು ತಿಂಗಳಾಗಿತ್ತು. ಭೂವಿಜ್ಞಾನದ ಪ್ರೊಫೆಸರ್ ಗೋವಿಂದಾಚಾರ್ಯರಿಗೆ ಮಂಡಿನೋವು, ಹಟ್ಟಿಯ ಏರು ಹತ್ತಲಾರರು. ಅವರು ನನ್ನನ್ನು ಕರೆದು, ಹೋಲ್ಮ್ ಅವರ ಪುಸ್ತಕ ಒಯ್ದು ಹುಲಿಗೆಮ್ಮನ ಕೈಯಿಂದ ಇಂಥ ಅಧ್ಯಾಯದ ಕೋಷ್ಟಕ ಬರೆಸಿಕೊಂಡು ಬಾ ಎಂದರು. ಪುಸ್ತಕ ಸಿಗಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಬಾಯಿಯ ತನಕ ಬಂತು ಕೂಡ. ಆದರೆ ಅವರು, ಆ ಹುಡುಗಿ ಇಲ್ಲದ ಕ್ಲಾಸಿನಲ್ಲಿ ಪಾಠ ಮಾಡಲು ಮನಸ್ಸೇ ಬರುವುದಿಲ್ಲ ಪರುತಪ್ಪ ಎಂದುಬಿಟ್ಟರು. ಟವೆಲ್ ಸುತ್ತಿಕೊಂಡು ಹೊರಟೆ. ಅರ್ಧ ಗಂಟೆಯ ದಾರಿ ಒಂದೂವರೆ ಗಂಟೆ ಹಿಡಿಯಿತು.

ಹುಲಿಗೆಮ್ಮ ಕಲ್ಲಿನ ಪುಡಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಬರ್ರಿ ಕಾಕಾ ಎಂದು ನೀರು ಕೊಟ್ಟಳು. ಪುಸ್ತಕಕ್ಕೆ ಕೈ ಚಾಚಿದಾಗ ನಾನು ಕೊಡಲಿಲ್ಲ.

"ತೆಗಿಯೂಕಿಂತ ಮೊದಲ ಒಂದ್ ಮಾತು ಹೇಳ್ತೀನಿ ಕೇಳವ್ವಾ. ನೀವು ಹರದಿರಿ ಅಂತ ಹೇಳಿದ ಹದಿನಾರು ಪುಟ ಇದರೊಳಗ ಅದಾವು. ನಾನs ತಪ್ಪಿ ಹೊಲದೀನಿ. ಅದು ನನಗ ಗೊತ್ತಾಗಿ ಆರು ತಿಂಗಳ ಮ್ಯಾಲಾತು."

ಗೊತ್ತಾಗಿ ಐದೂವರೆ ತಿಂಗಳಾಗಿತ್ತು ಅಷ್ಟೆ. ಅಂಥ ಹೊತ್ತಿನಲ್ಲಿ ನನ್ನ ಮೇಲೆ ನಾನೇ ಹದಿನೈದು ದಿನ ಹೆಚ್ಚು ಹೇರಿಕೊಂಡೆನೋ ಏನೋ. ಅವಳು ಪುಸ್ತಕ ಇಸಿದುಕೊಂಡು ತೊಡೆಯ ಮೇಲಿಟ್ಟು ತೆರೆದಳು. ಬಂಡೆಗಳ ಚಿತ್ರ, ಬಂಡೆಗಳ ಚಿತ್ರ, ಆಮೇಲೆ ಇದ್ದಕ್ಕಿದ್ದಂತೆ ಹಳದಿಯಾದ ಹಾಳೆಯಲ್ಲಿ ಕಲ್ಲುಹಟ್ಟಿ. ಮೂವತ್ತೆಂಟು ಮನೆ, ಒಂದೊಂದರ ಮೇಲೂ ಯಜಮಾನನ ಹೆಸರು. ಬಾವಿ. ಬಾವಿಯಾಚೆ ಈಗ ಗೆಸ್ಟ್ ಹೌಸ್ ಇರುವ ಬಯಲು, ಅದರ ಮೇಲೆ ಹಟ್ಟಿಯ ಸಾಮೂಹಿಕ ಜಮೀನು ಎಂಬ ಬರಹ. ಅವಳ ಬೆರಳು ತನ್ನ ಮುತ್ತಜ್ಜನ ಹೆಸರಿನ ಮೇಲೆ ಬಹಳ ಹೊತ್ತು ನಿಂತಿತ್ತು.

"ನಮ್ಮಪ್ಪ ಏಳು ತಿಂಗಳಿಂದ ನನ್ನ ಕೂಡ ಮಾತಾಡಿಲ್ಲ ಕಾಕಾ" ಎಂದಳು ಕೊನೆಗೆ. "ಅವಗ ಅಕ್ಷರ ಬರೂದಿಲ್ಲ. ಪುಸ್ತಕ ಅಂದ್ರ ದೇವರು. ಪುಸ್ತಕ ಹರದಾಕಿ ಅಂತ ನನ್ನ ಕೈಲೆ ನೀರು ಸೈತ ಇಸಕೊಳ್ಳೂದಿಲ್ಲ."

ನನಗೆ ಕೂತಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಈಗಲೇ ಹೊಲಿಗೆ ಬಿಚ್ಚಿ ಪುಟ ತೆಗೆದುಕೊಡುತ್ತೇನೆ ಎಂದು ಚೀಲದಿಂದ ಕತ್ತರಿ ತೆಗೆದೆ. ಅವಳು ನನ್ನ ಕೈ ಹಿಡಿದಳು. "ಬಿಚ್ಚಬ್ಯಾಡ್ರಿ. ಬಿಚ್ಚಿದ್ರ ನಾವs ಬಚ್ಚಿಟ್ಟು ಈಗ ತಂದೀವಿ ಅಂತಾರ. ಹೊಲಿಗಿ ಹಂಗs ಇರ್ಲಿ. ನೀವು ಬಂದು ಹೇಳ್ರಿ." ಅವಳು ಹೇಳಿದ್ದು ಸರಿ. ಒಬ್ಬೊಬ್ಬ ಬೈಂಡರ್ ಹಾಕುವ ಕೊನೆಯ ಗಂಟು ಒಂದೊಂದು ರೀತಿ. ನನ್ನದು ಮೂರು ಸುತ್ತಿನ ಗಂಟು, ನಮ್ಮ ಊರಿನಲ್ಲಿ ಮತ್ತೆ ಯಾರೂ ಹಾಕುವುದಿಲ್ಲ.

ಮರುದಿನ ಕುಲಪತಿಗಳ ಮುಂದೆ ನಿಂತು ಬರೆದುಕೊಂಡು ಹೋಗಿದ್ದನ್ನು ಓದಿದೆ. ವಿರೂಪಾಕ್ಷಯ್ಯನವರು ಕೆಟ್ಟವರಲ್ಲ, ಹಿಡಿದದ್ದು ಬಿಡದವರು. ಪುಸ್ತಕ ತರಿಸಿ ತೆರೆಯಲು ನೋಡಿದರು, ಆಗಲಿಲ್ಲ. ಹುಲಿಗೆಮ್ಮ ಬಂದರೆ ತೆರೆಯುತ್ತದೆ ಎಂದೆ. ಅವಳು ಗೇಟು ದಾಟುವಂತಿಲ್ಲ ಎಂದರು. ಹಾಗಾದರೆ ಸಾಕ್ಷಿ ನೋಡುವುದು ಹೇಗೆ? ಸಾಕ್ಷಿ ನೋಡದೆ ಅವಳನ್ನು ಒಳಗೆ ಬಿಡುವುದು ಹೇಗೆ? ಕಾನೂನು ಸಲಹೆಗಾರರನ್ನು ಕರೆಸಿದರು, ಅವರೂ ಎರಡು ಲೋಟ ಚಹಾ ಕುಡಿದು ಹೋದರು. ಕುಲಪತಿಗಳು ಕಡೆಗೆ, "ಅಕಿ ಒಳಗ ಬರೂವಂಗಿಲ್ಲ ಖರೆ. ನಾವು ಹೊರಗ ಹೋಗಬಾರದು ಅಂತ ಎಲ್ಲೂ ಬರದಿಲ್ಲಲ್ಲ" ಎಂದರು. ಆ ಒಂದು ಮಾತಿಗೆ ಅವರಿಗೂ ನಾನು ಕೃತಜ್ಞ.

ಶುಕ್ರವಾರ ಬೆಳಿಗ್ಗೆ ಸಿಂಡಿಕೇಟ್ ಸಭೆಯ ಉದ್ದನೆಯ ಟೇಬಲ್ಲನ್ನು ಎಂಟು ಜನ ಹೊತ್ತು ಗೇಟಿನ ಹೊರಗೆ, ಬೇವಿನ ಮರದಡಿ ಇಟ್ಟರು. ಹಟ್ಟಿಯ ಜನ ಇಡಿಯಾಗಿ ಬಂದಿತ್ತು. ಹುಲಿಗೆಮ್ಮ ಪುಸ್ತಕ ತೆರೆದು ಹಿಡಿದಳು. ಸಿಂಡಿಕೇಟಿನವರು ಒಬ್ಬೊಬ್ಬರೇ ಬಗ್ಗಿ ನಕಾಶೆ ನೋಡಿದರು, ನಾನು ತೋರಿಸಿದ ಗಂಟನ್ನೂ ನೋಡಿದರು. ಇದು ನೀವು ಹಾಕಿದ್ದೇನು ಎಂದು ಕುಲಪತಿಗಳು ಕೇಳಿದರು. ಹೌದ್ರಿ ಎಂದೆ. ಯಾವಾಗ ಗೊತ್ತಾಯಿತು ಎಂದರು. ಬಹಿಷ್ಕಾರಕ್ಕೆ ಹದಿನೈದು ದಿನ ಮೊದಲೇ ಎಂದೆ.

ಆಗ ಹುಲಿಗೆಮ್ಮನ ಅಪ್ಪ ದುರುಗಪ್ಪ ಮುಂದೆ ಬಂದ. ಓದಲು ಬಾರದ ಮನುಷ್ಯ ನಕಾಶೆ ನೋಡಲಿಲ್ಲ, ಹೊಲಿಗೆ ನೋಡಿದ. ಗಂಟಿನ ಮೇಲೆ ಹೆಬ್ಬೆರಳು ಆಡಿಸಿದ, ಕೆಲಸ ಬಲ್ಲವರು ಇನ್ನೊಬ್ಬರ ಕೆಲಸ ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದ.

"ಕೈ ತಪ್ಪೂದು ನನಗೂ ಗೊತ್ತೈತ್ರಿ. ಕಲ್ಲಿನ್ಯಾಗ ನಾನೂ ತಪ್ಪೀನಿ. ಬಾಯಿ ಯಾಕ ಮುಚ್ಚಿಕೊಂಡ್ರಿ?"

ನನ್ನ ಉತ್ತರಕ್ಕೆ ಅವನು ಕಾಯಲಿಲ್ಲ. ಮಗಳ ಹತ್ತಿರ ಹೋಗಿ, ಬಾಯಾರಿಕೆಯಾಗಿದೆ, ಒಂದಿಷ್ಟು ನೀರು ಕೊಡವ್ವ ಎಂದ. ಅವಳ ಎರಡೂ ಕೈಯಲ್ಲಿ ಪುಸ್ತಕವಿತ್ತು, ಬಿಡುವಂತಿರಲಿಲ್ಲ. ಹನ್ನೊಂದು ಜನರಲ್ಲಿ ಇನ್ನೊಬ್ಬ ಬಂದು ಪುಸ್ತಕ ಹಿಡಿದುಕೊಂಡ. ಅವಳು ತಂಬಿಗೆ ತಂದು ಅಪ್ಪನ ಬೊಗಸೆಗೆ ನೀರು ಹೊಯ್ದಳು. ಸಿಂಡಿಕೇಟಿನವರು ಅಲ್ಲಿಯ ತನಕ ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಠರಾವು ಬರೆದರು.

ಅಂದೇ ಗೇಟಿನ ಬೋರ್ಡು ಕಿತ್ತರು. ನನ್ನನ್ನು ಆರು ತಿಂಗಳು ಸಸ್ಪೆಂಡ್ ಮಾಡಿದರು, ನಾನು ಎರಡೂ ಕೈ ಮುಗಿದು ಆದೇಶ ತೆಗೆದುಕೊಂಡೆ. ಹೋಲ್ಮ್ ಬಾಯಿಯವರಿಗೆ ಕುಲಪತಿಗಳು ತಾವೇ ಕೂತು ಕಾಗದ ಬರೆದರು. ಆಕೆ ಉತ್ತರ ಬರೆದದ್ದು ಹುಲಿಗೆಮ್ಮನಿಗೆ: ನನ್ನ ಪುಸ್ತಕ ನಿಮ್ಮ ಊರನ್ನು ಇಷ್ಟು ದಿನ ಜೋಪಾನ ಮಾಡಿತೆಂದು ತಿಳಿದು ಸಂತೋಷವಾಯಿತು ಎಂದು. ರುಜು ಹಾಕಿದವರು ಒಬ್ಬೊಬ್ಬರೇ ತಮ್ಮ ರುಜು ವಾಪಸು ಪಡೆದ ಹಾಗೆ ಪುಸ್ತಕಗಳು ಒಂದೊಂದೇ ತೆರೆದುಕೊಂಡವು. ಒಂದು ಮಾತ್ರ ಇಂದಿಗೂ ಮುಚ್ಚಿಯೇ ಇದೆ. ಅದನ್ನು ಬರೆದವರು ಸುದ್ದಿ ಮುಟ್ಟುವ ಮೊದಲೇ ತೀರಿಕೊಂಡಿದ್ದರು. ಹೊರಹಾಕಿಸಿಕೊಂಡು ಹಟ್ಟಿಯಲ್ಲಿದ್ದಾಗ ಅದನ್ನೊಮ್ಮೆ ಓದಿಬಿಡಬೇಕಿತ್ತು ಎಂದು ಹುಲಿಗೆಮ್ಮ ಈಗಲೂ ಪೇಚಾಡುತ್ತಾಳೆ. ಗೆಸ್ಟ್ ಹೌಸಿನ ತಕರಾರು ಕೋರ್ಟಿನಲ್ಲಿದೆ. ನಕಾಶೆಯ ಜೊತೆ ಹೋಲ್ಮ್ ಪುಸ್ತಕವೂ ಕೋರ್ಟಿಗೆ ಹೋಗಿ ಒಂದು ವರ್ಷ ಅಲ್ಲೇ ಇದ್ದು ಬಂತು.

ಬಂದ ದಿನ ತೆರೆಯಲು ನೋಡಿದೆ, ನನ್ನ ಕೈಯಲ್ಲಿ ಅದು ತೆರೆಯಲಿಲ್ಲ. ವನಜಾಬಾಯಿ ಹಿಡಿದರೆ ತೆರೆಯುತ್ತಿತ್ತು, ಕುಲಪತಿಗಳು ಹಿಡಿದರೂ ತೆರೆಯುತ್ತಿತ್ತು. ಯಾಕೆಂದು ನಾನು ಯಾರನ್ನೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಆದರೆ ಹದಿನಾರು ಪುಟವನ್ನು ಸರ್ವೆ ಸಂಪುಟಕ್ಕೆ ಸೇರಿಸುವ ಕೆಲಸ ಬೇರೆಯವರಿಗೆ ಬಿಡಲು ಮನಸ್ಸಾಗಲಿಲ್ಲ. ನನ್ನ ಸರ್ವೀಸಿನ ಕೊನೆಯ ವಾರ. ಗೋವಿಂದಾಚಾರ್ಯರ ಕೈಕೆಳಗೆ ಸಂಶೋಧನೆಗೆ ಸೇರಿದ್ದ ಹುಲಿಗೆಮ್ಮ ತಾನಾಗಿಯೇ ಬಂದು, ನಾನು ಹಿಡೀತೀನಿ, ನೀವು ಬಿಚ್ಚರಿ ಎಂದು ಎದುರಿಗೆ ಕೂತಳು.

ಅವಳು ಹಿಡಿದಳು, ನಾನು ಗಂಟು ಕತ್ತರಿಸಿದೆ. ಆ ಫಾರಂ ಸಲೀಸಾಗಿ ಈಚೆ ಬಂತು. ಅದನ್ನು ಸಂಪುಟದೊಳಗೆ ಅದರ ಜಾಗದಲ್ಲಿಟ್ಟು, ಮೊದಲು ಹೋಲ್ಮ್ ಪುಸ್ತಕದ ಬಿಚ್ಚಿದ ಬೆನ್ನು ಹೊಲಿದುಬಿಡೋಣ ಎಂದು ಸೂಜಿ ತೆಗೆದುಕೊಂಡೆ. ಕಣ್ಣು ಮಂಜಾಗಿ ದಾರ ಹೋಗಲೊಲ್ಲದು. ಮೂರು ಸಲ ನೋಡಿದೆ. ಕೊಡ್ರಿಲ್ಲೆ ಎಂದು ಅವಳು ಸೂಜಿ ದಾರ ಇಸಿದುಕೊಂಡು, ತುದಿಯನ್ನು ತುಟಿಗೆ ತಾಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ನಾನು ಹೋಲ್ಮ್ ಬಾಯಿಯವರ ಪುಟಗಳ ಅಂಚನ್ನು ಬೆರಳಿನಿಂದ ನೇರ ಮಾಡುತ್ತಿದ್ದೆ.

"ಕಾಕಾ" ಎಂದಳು ಸಣ್ಣ ದನಿಯಲ್ಲಿ.

ತಲೆ ಎತ್ತಿದೆ. ಅವಳ ಒಂದು ಕೈಯಲ್ಲಿ ಸೂಜಿ ಇತ್ತು, ಇನ್ನೊಂದರಲ್ಲಿ ದಾರ. ಪುಸ್ತಕ ನನ್ನೊಬ್ಬನ ಕೈಯಡಿಯಲ್ಲಿ ತೆರೆದೇ ಇತ್ತು.